ಲೋಟ ಹೋಗಿ ಪೇಪರ್ ಕಪ್ ಬಂತು: ಕಾನೂನು ಗೆದ್ದಿದ್ದೋ, ಸೋತಿದ್ದೋ?

ಕೆರೆಏರಿ · ಭಾನುವಾರ ರಾತ್ರಿ 9:40

ಹೋದ ವಾರ ಹಬ್ಬಕ್ಕೆ ಊರಿಗೆ ಹೋಗಿದ್ದೆ. ತುಮಕೂರು ಕಡೆಯ ಸಣ್ಣ ಊರು, ಹೆಸರು ಬೇಡ. ಬಸ್‌ಸ್ಟ್ಯಾಂಡ್ ಪಕ್ಕ ಒಂದು ಟೀ ಹೋಟೆಲ್ ಇದೆ. ನಮ್ಮಪ್ಪ ಹುಡುಗರಾಗಿದ್ದಾಗ ಅದೇ ಹೋಟೆಲ್‌ನ ಹೊರಗೆ, ಸೂರಿನ ಸಂದಿಯಲ್ಲಿ, ನಮ್ಮ ಕೇರಿಯವರ ಲೋಟ ಸಿಕ್ಕಿಸಿರುತ್ತಿದ್ದರಂತೆ. ತೆಗೆದು ಹಿಡಿದರೆ ಮೇಲಿಂದ ಟೀ ಸುರಿಯೋರು. ಕುಡಿದು, ತೊಳೆದು, ಮತ್ತೆ ಅಲ್ಲೇ ಸಿಕ್ಕಿಸಬೇಕು. ದುಡ್ಡು ಮಾತ್ರ ಎಲ್ಲರಷ್ಟೇ.

ಈಗ ಆ ಲೋಟ ಇಲ್ಲ. ನಾನು ಒಳಗೇ ಹೋಗಿ ಬೆಂಚಿನ ಮೇಲೆ ಕೂತೆ, ಯಾರೂ ಏನೂ ಅನ್ನಲಿಲ್ಲ. ಎದುರಿಗೆ ಕೂತಿದ್ದ ಇಬ್ಬರು ಗಾಜಿನ ಲೋಟದಲ್ಲಿ ಕುಡಿಯುತ್ತಿದ್ದರು. ನನಗೆ ಪೇಪರ್ ಕಪ್ ಬಂತು. ಜೊತೆಗಿದ್ದ ಅಕ್ಕನ ಮಗನಿಗೂ ಪೇಪರ್ ಕಪ್. ಆಮೇಲೆ ಬಂದ ಡೇರಿ ಸೆಕ್ರೆಟರಿಗೆ ಗಾಜಿನ ಲೋಟ. ‘ನಮಗೂ ಲೋಟದಲ್ಲೇ ಕೊಡಿ’ ಅಂದೆ. ‘ಪೇಪರ್ ಕಪ್ ಕ್ಲೀನ್ ಅಲ್ವಾ ಸರ್’ ಅಂದರು ಹೋಟೆಲ್‌ನವರು. ಸರ್ ಅಂದರು ನೋಡಿ. ಅಪ್ಪನನ್ನು ಯಾವತ್ತೂ ‘ಲೇ’ ಬಿಟ್ಟು ಕರೆದವರಲ್ಲ.

ಅಸ್ಪೃಶ್ಯತೆ ಅಪರಾಧ ಅಂತ ಕಾನೂನು ಬಂದಿದ್ದು 1955ರಲ್ಲಿ. ಎಪ್ಪತ್ತು ವರ್ಷಕ್ಕೆ ನಮಗೆ ಸಿಕ್ಕಿದ್ದು ಒಳಗೆ ಕೂರೋ ಜಾಗ, ಮತ್ತೆ ಒಂದು ಪೇಪರ್ ಕಪ್ಪಾ? ಜಗಳಕ್ಕಲ್ಲ, ನಿಜವಾಗಿ ಕೇಳುತ್ತಿದ್ದೇನೆ. ನಿಮ್ಮ ಕಡೆ ಹೇಗಿದೆ?

ರಾಗಿಮುದ್ದೆ · 9:52

ಎಲ್ಲದಕ್ಕೂ ಜಾತಿ ತರಬೇಡಿ ಗುರು. ಕೋವಿಡ್ ಆದಮೇಲೆ ಎಲ್ಲ ಕಡೆ ಪೇಪರ್ ಕಪ್ಪೇ. ನನಗೂ ಅದರಲ್ಲೇ ಕೊಡುತ್ತಾರೆ.

ಕೆರೆಏರಿ · 9:55

ಎಲ್ಲರಿಗೂ ಅದರಲ್ಲೇ ಕೊಟ್ಟಿದ್ದರೆ ನಾನ್ಯಾಕೆ ಇಷ್ಟುದ್ದ ಬರೆಯುತ್ತಿದ್ದೆ? ಒಂದೇ ಹೊತ್ತಿಗೆ, ಒಂದೇ ಪಾತ್ರೆಯ ಟೀ, ಮೂವರಿಗೆ ಗಾಜು, ಇಬ್ಬರಿಗೆ ಪೇಪರ್.

ಮಂಡಕ್ಕಿ ಮಿರ್ಚಿ · 10:03

ನಮ್ಮ ಕಡೆನೂ ಹಂಗೇ ಐತ್ರಿ. ಮೊದಲು ಪ್ಲಾಸ್ಟಿಕ್ ಕಪ್ ಇತ್ತು. ಪ್ಲಾಸ್ಟಿಕ್ ಬ್ಯಾನ್ ಆತು, ಈಗ ಪೇಪರ್. ಪರಿಸರದ ಕಾಳಜಿ ಭಾಳ ನಮ್ಮ ಹೋಟೆಲ್‌ನವರಿಗೆ.

ಕರಿಕೋಟು · 10:20

ತಾಲ್ಲೂಕು ಕೋರ್ಟಿನಲ್ಲಿ ವಕಾಲತ್ತು ಮಾಡುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಆದರೆ ಶಿಕ್ಷೆ ಎಷ್ಟು ಅಂತ ಅದರಲ್ಲಿ ಇಲ್ಲ. ಅದಕ್ಕೇ 1955ರ ಕಾಯ್ದೆ ಬಂತು. 1976ರಲ್ಲಿ ಅದನ್ನೇ ಬಿಗಿ ಮಾಡಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರು ಬದಲಿಸಿದರು. ಜನ ‘ಪಿಸಿಆರ್ ಕೇಸು’ ಅನ್ನೋದು ಇದನ್ನೇ. ಇದರ 4ನೇ ಸೆಕ್ಷನ್ ಓದಿ. ಹೋಟೆಲ್‌ನಲ್ಲಿ ಜನರ ಬಳಕೆಗೆ ಇಟ್ಟ ಪಾತ್ರೆಯನ್ನು ಒಬ್ಬರಿಗೆ ಕೊಡದೆ ಇರುವುದೂ ಅಪರಾಧ ಅಂತ ನೇರವಾಗಿ ಬರೆದಿದೆ. ಅಂದರೆ ನಿಮ್ಮ ಗಾಜಿನ ಲೋಟ ಕಾನೂನಿನ ಪುಸ್ತಕದಲ್ಲೇ ಇದೆ.

ಇನ್ನೊಂದು ಮಾತು. ದೂರು ಕೊಟ್ಟವರು ಪರಿಶಿಷ್ಟ ಜಾತಿಯವರಾದರೆ, ಹೀಗೆ ಮಾಡಿದ್ದು ಅಸ್ಪೃಶ್ಯತೆಯ ಕಾರಣಕ್ಕೇ ಅಂತ ಕೋರ್ಟು ಮೊದಲೇ ಭಾವಿಸಬೇಕು. ಅಲ್ಲ ಅಂತ ತೋರಿಸುವ ಹೊಣೆ ಹೋಟೆಲ್‌ನವರದ್ದು. ಇದು 12ನೇ ಸೆಕ್ಷನ್. ಎಷ್ಟೋ ವಕೀಲರಿಗೇ ನೆನಪಿರುವುದಿಲ್ಲ.

ಇಷ್ಟೆಲ್ಲ ಇದ್ದೂ ದಂಡ ಎಷ್ಟು ಗೊತ್ತಾ? 100 ರೂಪಾಯಿಯಿಂದ 500 ರೂಪಾಯಿ. ಜೈಲು 1 ತಿಂಗಳಿಂದ 6 ತಿಂಗಳು. 1976ರಲ್ಲಿ 500 ರೂಪಾಯಿ ದೊಡ್ಡ ಮೊತ್ತ ಇರಬಹುದು. ಈಗ ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದವನ ಲೆಕ್ಕ ಅದು.

ಆಮೇಲೆ 1989ರ ದೌರ್ಜನ್ಯ ತಡೆ ಕಾಯ್ದೆ, ಜನ ‘ಅಟ್ರಾಸಿಟಿ’ ಅನ್ನೋದು. ಅದಕ್ಕೆ 2015ರಲ್ಲಿ ದೊಡ್ಡ ತಿದ್ದುಪಡಿ ಆಯಿತು. ಬೈಕ್ ಮೇಲೆ ಹೋಗಬೇಡ, ಚಪ್ಪಲಿ ಹಾಕಬೇಡ, ಮದುವೆ ಗಂಡು ಕುದುರೆ ಹತ್ತಬಾರದು, ಸ್ಮಶಾನಕ್ಕೆ ಬರಬಾರದು ಅನ್ನೋದನ್ನೆಲ್ಲ ಒಂದೊಂದಾಗಿ ಬರೆದು ಅಪರಾಧ ಅಂದರು. ಇಲ್ಲಿ ಶಿಕ್ಷೆ 6 ತಿಂಗಳಿಂದ 5 ವರ್ಷ. ಇಷ್ಟು ಬಿಡಿಸಿ ಬರೆಯಬೇಕಾಯಿತು ಅಂದರೆ 2015ರಲ್ಲೂ ಇವೆಲ್ಲ ನಡೀತಿದ್ದವು ಅಂತಲೇ ಅರ್ಥ.

ನೇರಮಾತು · 10:41

ವಕೀಲರು ಒಂದು ಕಡೆಯದ್ದು ಮಾತ್ರ ಹೇಳಿದರು. ನಮ್ಮ ಊರಲ್ಲಿ ಗದ್ದೆ ಬದುವಿನ ಜಗಳಕ್ಕೂ ‘ಅಟ್ರಾಸಿಟಿ ಹಾಕ್ತೀನಿ’ ಅಂತ ಹೆದರಿಸುತ್ತಾರೆ. ಬಂಧನಕ್ಕೆ ಮೊದಲೇ ತೆಗೆದುಕೊಳ್ಳುವ ನಿರೀಕ್ಷಣಾ ಜಾಮೀನೂ ಸಿಗಲ್ಲ. ನಮ್ಮ ದೊಡ್ಡಪ್ಪ ಇಂಥದ್ದೇ ಕೇಸಿಗೆ ನಾಲ್ಕು ವರ್ಷ ಕೋರ್ಟಿಗೆ ಅಲೆದರು. ಕೊನೆಗೆ ಖುಲಾಸೆ. ಆ ನಾಲ್ಕು ವರ್ಷ ಯಾರು ಕೊಡುತ್ತಾರೆ? ಸುಪ್ರೀಂ ಕೋರ್ಟೇ ದುರುಪಯೋಗ ಆಗ್ತಿದೆ ಅಂದಿದೆ. ಬಹುತೇಕ ಕೇಸು ಸುಳ್ಳು.

ಕರಿಕೋಟು · 10:58

ನಿಮ್ಮ ದೊಡ್ಡಪ್ಪನ ಕೇಸು ನನಗೆ ಗೊತ್ತಿಲ್ಲ. ಸುಳ್ಳು ಕೇಸು ಬರುವುದೇ ಇಲ್ಲ ಅಂತಲೂ ನಾನು ಅನ್ನಲ್ಲ, ಯಾವ ಕಾನೂನಿನಲ್ಲೂ ಬರುತ್ತವೆ. ಆದರೆ ಸುಪ್ರೀಂ ಕೋರ್ಟ್ ಹೆಸರು ತಂದಿದ್ದೀರಿ, ಪೂರ್ತಿ ಹೇಳಿ. 2018ರ ಮಾರ್ಚ್‌ನಲ್ಲಿ ಆ ತೀರ್ಪು ಬಂತು, ಎಫ್‌ಐಆರ್‌ಗೆ ಮೊದಲು ವಿಚಾರಣೆ ಬೇಕು, ಅನುಮತಿ ಇಲ್ಲದೆ ಬಂಧಿಸಬೇಡಿ ಅಂತ. ಏಪ್ರಿಲ್ 2ಕ್ಕೆ ಭಾರತ್ ಬಂದ್ ಆಯಿತು. ಅದೇ ವರ್ಷ ಸಂಸತ್ತು ಕಾಯ್ದೆಗೆ 18ಎ ಅನ್ನೋ ಸೆಕ್ಷನ್ ಸೇರಿಸಿ ಅದನ್ನು ಪಕ್ಕಕ್ಕೆ ಸರಿಸಿತು. 2019ರಲ್ಲಿ ಸುಪ್ರೀಂ ಕೋರ್ಟೇ ಆ ನಿರ್ದೇಶನಗಳನ್ನು ವಾಪಸ್ ತೆಗೆದುಕೊಂಡಿತು. ಜನಕ್ಕೆ ಮೊದಲ ಅಧ್ಯಾಯ ಮಾತ್ರ ಬಾಯಿಪಾಠ.

ಖುಲಾಸೆ ಅಂದರೆ ಸುಳ್ಳು ಕೇಸು ಅಂತಲ್ಲ. ಕಂಬಾಲಪಲ್ಲಿ ನೆನಪಿದೆಯಾ? ಚಿಂತಾಮಣಿ ತಾಲ್ಲೂಕು, 2000ದ ಮಾರ್ಚ್ 11. ಏಳು ಜನ ದಲಿತರು ಬೆಂಕಿಯಲ್ಲಿ ಸುಟ್ಟು ಸತ್ತರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಎಲ್ಲರೂ ಖುಲಾಸೆ, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಏಳು ಹೆಣ ಸುಳ್ಳಾ?

ನೇರಮಾತು · 11:04

ಅದು ಬೇರೆ, ಇದು ಬೇರೆ. ಕೊಲೆಗೆ ಬೇರೆ ಕಾನೂನೇ ಇದೆ. ನಾನು ಹೇಳಿದ್ದು ಬದುವಿನ ಜಗಳ.

ಮಂಡಕ್ಕಿ ಮಿರ್ಚಿ · 11:10

ಶಿಕ್ಷೆ ಆಗಿದ್ದೂ ಐತ್ರಿ. ಗಂಗಾವತಿ ತಾಲ್ಲೂಕಿನ ಮರಕುಂಬಿ. ಕಟಿಂಗ್ ಅಂಗಡಿ, ಹೋಟೆಲ್ ಒಳಗ ಬಿಡೂದಿಲ್ಲ ಅನ್ನೋ ಜಗಳ ಬೆಳೆದು 2014ರಾಗ ಗುಡಿಸಲಿಗೆ ಬೆಂಕಿ ಹಚ್ಚಿದ್ರು. ಹತ್ತು ವರ್ಷ ಆದಮ್ಯಾಲೆ ಕೊಪ್ಪಳ ಕೋರ್ಟ್ 101 ಮಂದಿಗೆ ಜೀವಾವಧಿ ಕೊಟ್ಟಿತು.

ಕರಿಕೋಟು · 11:14

ಸಣ್ಣ ತಿದ್ದುಪಡಿ. ತಪ್ಪಿತಸ್ಥರು 101. ಜೀವಾವಧಿ 98 ಮಂದಿಗೆ, ಉಳಿದ ಮೂವರಿಗೆ 5 ವರ್ಷ. 2024ರ ಅಕ್ಟೋಬರ್ ತೀರ್ಪು.

ಮಂಡಕ್ಕಿ ಮಿರ್ಚಿ · 11:15

ಆತ್ರಿ ವಕೀಲ್ರ, ನಿಮ್ಮದೇ ಸರಿ.

ಕತ್ತರಿ ಬಾಚಣಿಗೆ · 11:37

ಕಟಿಂಗ್ ಅಂಗಡಿ ಮಾತು ಬಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮದು ಅದೇ ಕಸುಬು. ನಮ್ಮ ಜಾತಿಯ ಹೆಸರನ್ನು ಇಡೀ ರಾಜ್ಯ ಬೈಗುಳವಾಗಿ ಬಳಸುತ್ತೆ, ಅದು ಇರಲಿ.

ನಮ್ಮಪ್ಪ ಹಳ್ಳಿಯಲ್ಲಿ ಅಂಗಡಿ ಇಟ್ಟಿದ್ದರು. ಹದಿನೈದು ವರ್ಷದ ಹಿಂದೆ ಕಾಲೋನಿಯ ಒಬ್ಬ ಹುಡುಗ ಬಂದು ಕುರ್ಚಿ ಮೇಲೆ ಕೂತ. ಅಪ್ಪ ಕಟಿಂಗ್ ಮಾಡಿದರು. ಅವತ್ತು ಸಂಜೆ ಊರಿನ ನಾಲ್ಕು ಜನ ಬಂದು ಹೇಳಿದ್ದು ಒಂದೇ ಮಾತು: ‘ಇನ್ನು ನಮಗೆ ನಿನ್ನ ಕತ್ತರಿ ಬೇಡ.’ ಬೆದರಿಕೆ ಇಲ್ಲ, ಹೊಡೆತ ಇಲ್ಲ. ಎರಡು ವಾರ ಒಬ್ಬ ಗಿರಾಕಿ ಇಲ್ಲ. ಮೂರನೇ ವಾರ ಅದೇ ಹುಡುಗ ತಮ್ಮನನ್ನು ಕರೆದುಕೊಂಡು ಬಂದ. ಅಪ್ಪ ಬಾಗಿಲು ಎಳೆದುಕೊಂಡರು. ಪೊಲೀಸರು ಬಂದು ಯಾರ ಮೇಲೆ ಕೇಸು ಹಾಕಿದರು ಗೊತ್ತಾ? ಅಪ್ಪನ ಮೇಲೆ. ಆ ನಾಲ್ಕು ಜನರ ಹೆಸರು ಕಾಗದದಲ್ಲಿ ಎಲ್ಲೂ ಬರಲಿಲ್ಲ.

ಅಪ್ಪ ಮಾಡಿದ್ದು ತಪ್ಪೇ. ನಾನು ಸಮರ್ಥನೆ ಮಾಡುತ್ತಿಲ್ಲ, ಆ ಹುಡುಗನ ಮುಖ ಈಗಲೂ ನೆನಪಿದೆ. ಆದರೆ ಕಾನೂನು ಬಂದು ಹಿಡಿದಿದ್ದು ಊರಲ್ಲಿ ಅರ್ಧ ಎಕರೆ ಜಮೀನೂ ಇಲ್ಲದವನನ್ನ. ಆಮೇಲೆ ನಾವು ಊರು ಬಿಟ್ಟೆವು. ಈಗ ಬೆಂಗಳೂರಲ್ಲಿ ನನ್ನದು ಎಸಿ ಸಲೂನು. ಜಾತಿ ಕೇಳಲು ಪುರುಸೊತ್ತಿಲ್ಲ, ಟೋಕನ್ ಕೊಡುತ್ತೇವೆ.

ಕೆರೆಏರಿ · 11:44

ಅಣ್ಣ, ನಾನು ಹುಡುಗನಾಗಿದ್ದಾಗ ಕಟಿಂಗ್‌ಗೆ ಅಂತಲೇ ಬಸ್ ಹತ್ತಿ ತಾಲ್ಲೂಕಿಗೆ ಹೋಗ್ತಿದ್ವಿ. ನಮ್ಮೂರ ಅಂಗಡಿಯವರ ಮೇಲೆ ಇದ್ದ ಸಿಟ್ಟು ಇನ್ನೂ ಇದೆ. ಆದರೆ ಈ ಕಡೆಯಿಂದ ಯಾವತ್ತೂ ಯೋಚಿಸಿರಲಿಲ್ಲ.

ಕರಿಕೋಟು · ಸೋಮವಾರ ಬೆಳಿಗ್ಗೆ 7:15

ಕತ್ತರಿ ಅವರೇ, ರಾತ್ರಿ ನಿಮ್ಮದು ಓದಿ ಮತ್ತೆ ಪುಸ್ತಕ ತೆಗೆದೆ. ನಿಮ್ಮ ತಂದೆಗೆ ಆಗಿದ್ದಕ್ಕೂ ಅದೇ ಪಿಸಿಆರ್ ಕಾಯ್ದೆಯಲ್ಲಿ ಜಾಗ ಇದೆ. ಅಸ್ಪೃಶ್ಯತೆ ಆಚರಿಸಲು ಒಪ್ಪದವನನ್ನು ಅವನ ಸಮುದಾಯದವರು ಹೊರಗಿಟ್ಟರೆ ಅದೂ ಅಪರಾಧ, 7ನೇ ಸೆಕ್ಷನ್‌ನ ಎರಡನೇ ಉಪವಿಧಿ. ತೊಂದರೆ ಏನಂದರೆ ‘ಅವನ ಸಮುದಾಯದವರು’ ಅನ್ನುವ ಮಾತು. ನಿಮ್ಮ ತಂದೆಯನ್ನು ಬಿಟ್ಟವರು ಬೇರೆ ಜಾತಿಯ ಗಿರಾಕಿಗಳು. ಅಲ್ಲಿಗೆ ವಾದ ಜಾರುತ್ತೆ. ಗಿರಾಕಿ ಯಾಕೆ ಬರಲಿಲ್ಲ ಅಂತ ಯಾವ ಪೊಲೀಸಪ್ಪ ಪ್ರಶ್ನೆ ಮಾಡುತ್ತಾನೆ?

ನಿವೃತ್ತ ಟೀಚರ್ · 8:30

ನಾನು ಸರ್ಕಾರಿ ಶಾಲೆಯಲ್ಲಿ 31 ವರ್ಷ ಪಾಠ ಮಾಡಿದವಳು. ಬಿಸಿಯೂಟ ಶುರುವಾದ ಹೊಸದರಲ್ಲಿ ನಮ್ಮ ಶಾಲೆಗೆ ಅಡುಗೆಗೆ ಬಂದವರು ಪರಿಶಿಷ್ಟ ಜಾತಿಯ ಒಬ್ಬ ತಾಯಿ. ಮೊದಲ ದಿನ 64 ಮಕ್ಕಳಲ್ಲಿ ಊಟಕ್ಕೆ ಕೂತವರು 19. ಉಳಿದ ಮಕ್ಕಳು ಮನೆಯಿಂದ ಡಬ್ಬಿ ತಂದಿದ್ದರು, ಕೆಲವರು ಹಸಿದುಕೊಂಡೇ ಕೂತರು. ‘ಆಯಮ್ಮನ ಬದಲಾಯಿಸಿ, ಇಲ್ಲ ಟಿಸಿ ಕೊಡಿ’ ಅಂತ ಊರಿನವರು ಬಂದರು.

ನಮ್ಮ ಹೆಡ್‌ಮಾಸ್ಟರು ಹೆದರುಪುಕ್ಕಲು ಮನುಷ್ಯ. ಆದರೆ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಕರ್ತವ್ಯ ಮಾಡದ ಸರ್ಕಾರಿ ನೌಕರನಿಗೂ ಶಿಕ್ಷೆ ಇದೆ ಅಂತ ಯಾರೋ ಹೇಳಿದ್ದರು. ಊರಿನವರಿಗಿಂತ ಅದಕ್ಕೇ ಜಾಸ್ತಿ ಹೆದರಿದರು, ಬದಲಾಯಿಸಲಿಲ್ಲ! ತಹಶೀಲ್ದಾರರು ಬಂದು ಮಕ್ಕಳ ಪಂಕ್ತಿಯಲ್ಲಿ ಕೂತು ಉಂಡರು. ಆದರೂ ಒಂದು ವಾರ ಏನೂ ಆಗಲಿಲ್ಲ. ಆಮೇಲೆ ಡಬ್ಬಿ ಕಟ್ಟಿ ಕಟ್ಟಿ ತಾಯಂದಿರಿಗೆ ಸಾಕಾಯಿತು. ಕೂಲಿಗೆ ಹೋಗುವ ಹೆಂಗಸರು ಬೆಳಿಗ್ಗೆ ಆರಕ್ಕೆ ಎಷ್ಟು ದಿನ ಅಡುಗೆ ಮಾಡುತ್ತಾರೆ? ದಸರಾ ರಜೆ ಮುಗಿದು ಶಾಲೆ ತೆರೆದಾಗ ನಾಲ್ಕೈದು ಮಕ್ಕಳು ಬಿಟ್ಟು ಎಲ್ಲರೂ ಕೂತರು. ಸಾರು ಚೆನ್ನಾಗಿ ಮಾಡುತ್ತಿದ್ದರು ಆಯಮ್ಮ, ಅದೂ ಒಂದು ಕಾರಣ ಅನ್ನಿ.

ರಾಗಿಮುದ್ದೆ · 8:41

ನೋಡಿ, ಇದನ್ನೇ ನಾನು ಹೇಳೋದು. ಕೇಸು ಗೀಸು ಇಲ್ಲದೆ ತಾನಾಗೇ ಸರಿ ಹೋಯ್ತು.

ನಿವೃತ್ತ ಟೀಚರ್ · 8:44

ತಾನಾಗೇ ಎಲ್ಲಪ್ಪಾ ಸರಿ ಹೋಯ್ತು? ಹೆಡ್‌ಮಾಸ್ಟರಿಗೆ ಆ ಹೆದರಿಕೆ ಇಲ್ಲದಿದ್ದರೆ ಎರಡನೇ ದಿನವೇ ಆಯಮ್ಮ ಮನೆಗೆ ಹೋಗಿರುತ್ತಿದ್ದರು.

ಸೋಣೆಮಳೆ · 9:20

ನಮ್ಮ ಕರಾವಳಿಯಲ್ಲಿ ಎರಡು ಲೋಟ ಕಡಿಮೆ ಮಾರಾಯ್ರೆ, ಆದರೆ ಅಜಲು ಇತ್ತು. ಇಲ್ಲಿನ ಬುಡಕಟ್ಟಿನವರಾದ ಕೊರಗರಿಗೆ ಕೂದಲು, ಉಗುರು ಸೇರಿಸಿದ ಅನ್ನ ತಿನ್ನಿಸುವುದು. ಮನೆಯವರ ಕಾಯಿಲೆ ಅವರಿಗೆ ಹೋಗಲಿ ಅಂತ. ಕೇಳಿದರೆ ಹೊಟ್ಟೆ ತೊಳಸುತ್ತದೆ. ಇದಕ್ಕೆ ಅಂತಲೇ ಕರ್ನಾಟಕ 2000ದಲ್ಲಿ ಅಜಲು ನಿಷೇಧ ಕಾಯ್ದೆ ಮಾಡಿತು. ಈಗ ಯಾರಾದರೂ ಅದನ್ನು ಸಮರ್ಥಿಸಿ ಮಾತಾಡುವುದು ನಾನು ಕೇಳಿಲ್ಲ. ನಮ್ಮ ಅಜ್ಜಿ ಮಾತ್ರ ‘ಅದು ಮೊದಲಿಂದ ಬಂದದ್ದು’ ಅಂತ ಎಲೆ ಅಡಿಕೆ ಹಾಕಿಕೊಂಡು ಹೇಳುತ್ತಿದ್ದರು, ಏನೂ ಅಲ್ಲ ಅನ್ನುವ ಹಾಗೆ. ಒಂದೇ ತಲೆಮಾರಿನಲ್ಲಿ ಆ ಮಾತು ಹೇಳಲು ನಾಚಿಕೆ ಬಂತಲ್ಲ, ಅದನ್ನು ಕಾನೂನಿನ ಲೆಕ್ಕಕ್ಕೆ ಬರೆಯಬೇಕೋ ಬೇಡವೋ?

ನೇರಮಾತು · 9:31

ಅದು ವಿದ್ಯೆಯಿಂದ ಬಂದ ನಾಚಿಕೆ, ಕಾನೂನಿನಿಂದ ಅಲ್ಲ.

ಸೋಣೆಮಳೆ · 9:33

ನಮ್ಮ ಅಜ್ಜಿ ಎಂಟನೇ ಕ್ಲಾಸ್ ಪಾಸಾದವರು, ಆ ಕಾಲದಲ್ಲಿ. ವಿದ್ಯೆ ಇತ್ತು.

ಟು ಲೆಟ್ · 10:05

ಹಳ್ಳಿ ಹಳ್ಳಿ ಅಂತೀರಲ್ಲ, ಬೆಂಗಳೂರಿಗೆ ಬನ್ನಿ. ಹೋದ ವರ್ಷ ಹನ್ನೊಂದು ಮನೆ ನೋಡಿದೆ. ಫೋನಿನಲ್ಲಿ ಎಲ್ಲ ಓಕೆ. ಅಡ್ವಾನ್ಸ್ ಮಾತಾಡುವಾಗ ‘ನೀವು ಯಾವ ಪೈಕಿ?’ ಹೇಳಿದರೆ ಮುಗೀತು, ಮನೆ ಬೇರೆಯವರಿಗೆ ಕೊಟ್ಟಾಗಿರುತ್ತೆ. ಬೋರ್ಡು ಮಾತ್ರ ಇನ್ನೊಂದು ತಿಂಗಳು ನೇತಾಡುತ್ತಲೇ ಇರುತ್ತೆ. ಕೆಲವರು ಜಾತಿ ಕೇಳಲ್ಲ, ‘ವೆಜ್ಜಾ, ನಾನ್‌ವೆಜ್ಜಾ’ ಅಂತಾರೆ. ಇದೂ ಒಂಥರಾ ಪೇಪರ್ ಕಪ್ಪೇ. ವಕೀಲರೇ, ಇದಕ್ಕೆ ಏನಾದರೂ ಸೆಕ್ಷನ್ ಇದೆಯಾ?

ಕರಿಕೋಟು · 1:10

ಇಲ್ಲಿ ಕಾನೂನು ಪೇಲವ. 15ನೇ ವಿಧಿ ಅಂಗಡಿ, ಹೋಟೆಲ್, ಬಾವಿ, ಕೆರೆ, ರಸ್ತೆ ಅನ್ನುತ್ತೆ. ಬಾಡಿಗೆ ಮನೆ ಅನ್ನಲ್ಲ. ಜಾತಿ ಹಿಡಿದು ಎಲ್ಲರೆದುರು ಅವಮಾನ ಮಾಡಿದರೆ ಕೇಸು ಆಗುತ್ತೆ. ನಯವಾಗಿ ‘ಮನೆ ಖಾಲಿ ಇಲ್ಲ’ ಅಂದರೆ ಹಿಡಿಯುವುದು ಕಷ್ಟ. 2005ರಲ್ಲಿ ಅಹಮದಾಬಾದಿನ ಪಾರ್ಸಿ ಹೌಸಿಂಗ್ ಸೊಸೈಟಿಯ ಕೇಸಿನಲ್ಲಿ, ಸದಸ್ಯತ್ವ ತಮ್ಮವರಿಗೆ ಮಾತ್ರ ಅಂತ ಇಟ್ಟುಕೊಳ್ಳಬಹುದು ಅಂದಿತ್ತು ಸುಪ್ರೀಂ ಕೋರ್ಟ್. ನನಗೆ ಆ ತೀರ್ಪು ಇಷ್ಟ ಇಲ್ಲ, ಆದರೆ ಇದೆ.

ದೂರದೇಶಿ · 1:42

ನಾನಿರುವುದು ಸಿಯಾಟಲ್‌ನಲ್ಲಿ. ಇಲ್ಲಿನ ನಗರ ಸಭೆ 2023ರ ಫೆಬ್ರವರಿಯಲ್ಲಿ ಜಾತಿ ತಾರತಮ್ಯ ನಿಷೇಧಿಸಿತು, ಅಮೆರಿಕದ ನಗರಗಳಲ್ಲಿ ಇದೇ ಮೊದಲು. ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಮಸೂದೆ ಪಾಸಾಯಿತು, ಗವರ್ನರ್ ಸಹಿ ಹಾಕಲಿಲ್ಲ. ಈಗಿರುವ ಕಾನೂನೇ ಸಾಕು ಅಂದರು. ಆಗ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಎರಡು ದಿನ ಜಗಳ. ‘ಇಲ್ಲಿ ಜಾತಿಯೇ ಇಲ್ಲ, ಕಾನೂನು ಯಾಕೆ’ ಅಂದ ಪುಣ್ಯಾತ್ಮರೇ ಮುಂದಿನ ವಾರ ಮಗಳಿಗೆ ಗಂಡು ಬೇಕು ಅಂತ ಒಳಪಂಗಡದ ಸಮೇತ ಪೋಸ್ಟ್ ಹಾಕಿದರು.

ರಾಗಿಮುದ್ದೆ · 1:50

ಹಹಹ. ಇದಕ್ಕೆ ಮಾತ್ರ ನಾನು ಒಪ್ಪಿದೆ.

ಮಂಡಕ್ಕಿ ಮಿರ್ಚಿ · 2:02

ಅದಿರ್ಲಿ, ಪೇಪರ್ ಕಪ್ಪಿನ ಒಳಗ ಪ್ಲಾಸ್ಟಿಕ್ ಲೇಪನ ಇರ್ತದ, ಬಿಸಿ ಟೀಗೆ ಕರಗ್ತದ ಅಂತಾರಲ್ರಿ, ಖರೇನಾ?

ಟು ಲೆಟ್ · 2:05

ಪೇಪರ್ ಕಪ್ಪಲ್ಲಿ ಟೀಗೆ ರಟ್ಟಿನ ವಾಸನೆ. ನಮ್ಮ ಆಫೀಸ್ ಕೆಳಗೆ ಅದಕ್ಕೇ 15 ರೂಪಾಯಿ ಬೇರೆ.

ಸೋಣೆಮಳೆ · 2:06

15ಕ್ಕೆ ಅರ್ಧ ಕಪ್ ಮಾರಾಯ್ರೆ, ಮೇಲೆ ನೊರೆ.

ನಿರ್ವಾಹಕ · 2:30

ಟೀ ರೇಟಿಗೆ ಬೇರೆ ಎಳೆ ಇದೆ. ಇಲ್ಲಿ ವಿಷಯಕ್ಕೆ ಬನ್ನಿ. ಜಾತಿ ಹೆಸರು ಹಿಡಿದು ಬೈದಿದ್ದ ಎರಡು ಕಾಮೆಂಟ್ ತೆಗೆದಿದ್ದೇನೆ.

ನೀಲಿ ಶಾಲು · ಸಂಜೆ 6:48

ನಿನ್ನೆಯಿಂದ ಓದುತ್ತಿದ್ದೇನೆ. ನನಗೆ ಈಗ 68. ದಲಿತ ಸಂಘರ್ಷ ಸಮಿತಿಯಲ್ಲಿ ಹುಡುಗನಾಗಿದ್ದಾಗಿಂದ ಓಡಾಡಿದವನು.

80ರ ದಶಕದಲ್ಲಿ ಹೋಟೆಲ್ ಪ್ರವೇಶ ಮಾಡುತ್ತಿದ್ದೆವು. ಹದಿನೈದು ಇಪ್ಪತ್ತು ಜನ ಒಟ್ಟಿಗೆ ಹೋಗಿ ಬೆಂಚಿನ ಮೇಲೆ ಕೂರುವುದು, ಲೋಟದಲ್ಲಿ ಟೀ ಕೇಳುವುದು. ಒಮ್ಮೆ ಸಬ್ ಇನ್ಸ್‌ಪೆಕ್ಟರ್ ಜೊತೆಗೇ ಬಂದು ಕೂತಿದ್ದರು. ಟೀ ಬಂತು, ಫೋಟೋ ಆಯಿತು. ಮಾರನೇ ದಿನ ಹೋಟೆಲ್ ಬಾಗಿಲಿಗೆ ಬೀಗ. ಹನ್ನೆರಡು ದಿನ ಬೀಗ. ಹದಿಮೂರನೇ ದಿನ ತೆರೆದಾಗ ಒಳಗೆ ಹೋದವರು ನಾವು ಮೂವರೇ. ಉಳಿದವರು ಯಾಕೆ ಬರಲಿಲ್ಲ? ಅವರೆಲ್ಲ ಊರಿನವರ ಹೊಲದಲ್ಲಿ ಕೂಲಿ. ಟೀ ಕುಡಿದರೆ ಕೂಲಿ ಹೋಗುತ್ತಿತ್ತು.

ಬಂದ ಮೂವರು ಯಾರು? ಒಬ್ಬ ಸ್ಕೂಲ್ ಜವಾನ. ಒಬ್ಬನಿಗೆ ತೋಟಿ ಇನಾಮಿನ, ಅಂದರೆ ಊರ ಚಾಕರಿಗೆ ಅಂತ ಕೊಟ್ಟ, ಒಂದೂವರೆ ಎಕರೆ. ನಾನು ಕಾಲೇಜು ಹುಡುಗ, ಹಾಸ್ಟೆಲ್ ಊಟ. ನಮ್ಮ ಹೊಟ್ಟೆ ಊರಿನವರ ಕೈಯಲ್ಲಿ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಅದಕ್ಕೇ ನಾನು ಪಿಸಿಆರ್ ಕಾಯ್ದೆಯಷ್ಟೇ ಮುಖ್ಯ ಅನ್ನೋದು 1978ರ ಪಿಟಿಸಿಎಲ್ ಕಾಯ್ದೆಯನ್ನ. ನಮ್ಮವರಿಗೆ ಸರ್ಕಾರ ಕೊಟ್ಟ ಜಮೀನನ್ನು ಯಾರೂ ಸುಮ್ನೆ ಬರೆಸಿಕೊಳ್ಳುವ ಹಾಗಿಲ್ಲ, ಬರೆಸಿಕೊಂಡಿದ್ದರೆ ವಾಪಸ್. ಅದರಲ್ಲೂ ‘ತಡವಾಗಿ ಬಂದಿರಿ’ ಅಂತ ಅರ್ಜಿ ತಳ್ಳಲು ಶುರು ಮಾಡಿದರು, 2023ರಲ್ಲಿ ಮತ್ತೆ ತಿದ್ದಬೇಕಾಯಿತು. ಲೋಟದ ಕಾನೂನು ಹೆಸರಿಗೆ ಎಲ್ಲರದ್ದು. ಹೊಟ್ಟೆಪಾಡಿಗೆ ಅದೇ ಊರಿನವರ ಮುಂದೆ ನಿಲ್ಲಬೇಕಾದವನಿಗೆ ಅದು ಕೈಗೆ ಎಟುಕಲ್ಲ. ಕತ್ತರಿ ಹುಡುಗನ ಅಪ್ಪನಿಗೆ ಆದದ್ದೂ ಇದೇ ಅಲ್ವಾ?

ಬಸವಲಿಂಗಪ್ಪನವರು ಮಂತ್ರಿಯಾಗಿ ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದಾಗಲೂ ಜನ ನಕ್ಕಿದ್ದರು, ‘ಹಾಗಾದರೆ ಯಾರು ಹೊರುತ್ತಾರೆ’ ಅಂತ. ಆ ಪ್ರಶ್ನೆ ಈಗ ಯಾರೂ ಬಾಯಿಬಿಟ್ಟು ಕೇಳಲ್ಲ. ಮ್ಯಾನ್‌ಹೋಲ್‌ಗೆ ಇಳಿಸುವುದು ನಿಂತಿಲ್ಲ, ಅದು ಬೇರೆ.

ನೇರಮಾತು · 7:10

ಹಿರಿಯರೇ, ನಿಮ್ಮ ಮಾತಿಗೆ ಗೌರವ ಇದೆ. ಹಾಗಾದರೆ ಜಮೀನು ಕೊಡಿ, ಕೆಲಸ ಕೊಡಿ ಅನ್ನಿ. ಲೋಟಕ್ಕೆ ಕೇಸು ಯಾಕೆ?

ನೀಲಿ ಶಾಲು · 7:19

ಜಮೀನು ಕೊಟ್ಟಾಗಲೂ ನಿಮ್ಮಂಥವರು ‘ಜಮೀನು ಯಾಕೆ, ವಿದ್ಯೆ ಕೊಡಿ’ ಅಂದಿದ್ದರು ತಮ್ಮಾ. ವಿದ್ಯೆ ಅಂದರೆ ‘ಮೀಸಲಾತಿ ಯಾಕೆ’ ಅಂದರು. ನಾನು ಮೂರನ್ನೂ ಕೇಳುತ್ತೇನೆ. ಲೋಟಾನೂ ಬೇಕು.

ಕರಿಕೋಟು · 7:40

ಲೋಟದ ಜೊತೆಗೆ ನೀರು ಸೇರಿಸಿ. ಕರ್ನಾಟಕದ್ದೇ ಒಂದು ಕೇಸು, ದಲಿತರಿಗೆ ಬೋರ್‌ವೆಲ್ ನೀರು ಹಿಡಿಯಲು ಬಿಡದ್ದು. ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿತು, ಹೈಕೋರ್ಟು ಬಿಟ್ಟಿತು, 1992ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಶಿಕ್ಷೆ ಎತ್ತಿಹಿಡಿಯಿತು. ಅಪ್ಪಾ ಬಾಳು ಇಂಗಳೆ ಪ್ರಕರಣ ಅಂತ ಎಲ್ಲ ಲಾ ಹುಡುಗರೂ ಓದುತ್ತಾರೆ. ಒಂದು ಕೊಡ ನೀರಿಗೆ ದೆಹಲಿವರೆಗೆ.

ಕೆರೆಏರಿ, ಕೇಸು ಹಾಕಲೇಬೇಕು ಅಂತ ನಾನು ಹೇಳಲ್ಲ. ನೀವು ಬೆಂಗಳೂರಿಗೆ ವಾಪಸ್ ಬರುತ್ತೀರಿ, ಊರಲ್ಲಿ ಇರುವವರು ನಿಮ್ಮ ಅಕ್ಕನ ಮನೆಯವರು. ಅವರನ್ನು ಕೇಳಿ.

ಕೆರೆಏರಿ · ಮುಂದಿನ ಭಾನುವಾರ ಮಧ್ಯಾಹ್ನ 12:15

ಎಲ್ಲರಿಗೂ ಥ್ಯಾಂಕ್ಸ್. ಒಂದು ಅಪ್‌ಡೇಟ್ ಇದೆ.

ವಕೀಲರು ಬರೆದ 4ನೇ ಸೆಕ್ಷನ್ ಭಾಗವನ್ನು ಅಕ್ಕನ ಮಗನಿಗೆ ಸುಮ್ನೆ ಕಳಿಸಿದ್ದೆ. ಅವನು ಐಟಿಐ ಮುಗಿಸಿ ಗೂಡ್ಸ್ ಆಟೋ ಓಡಿಸುತ್ತಾನೆ, ಸ್ವಂತದ್ದು. ನೀಲಿ ಶಾಲು ಸರ್ ಹೇಳಿದ ಲೆಕ್ಕಕ್ಕೆ ಸರಿಯಾಗಿ ಕೂತ. ಬುಧವಾರ ಅವನೂ ಇನ್ನಿಬ್ಬರೂ ಹೋಗಿ ಲೋಟದಲ್ಲಿ ಟೀ ಕೇಳಿದ್ದಾರೆ. ಹೋಟೆಲ್‌ನವರು ಅದೇ ಕ್ಲೀನ್ ಕಥೆ ಹೇಳಿದಾಗ ಮೊಬೈಲ್ ತೆಗೆದು ಜೋರಾಗಿ ಓದಿದ್ದಾನೆ, ಬೆಂಚಿನ ಮೇಲೆ ಕೂತಿದ್ದವರಿಗೆಲ್ಲ ಕೇಳುವ ಹಾಗೆ. ಅವತ್ತು ಲೋಟದಲ್ಲಿ ಕೊಟ್ಟರಂತೆ.

ಗುರುವಾರದಿಂದ ಅಂಗಡಿಯಲ್ಲಿ ಗಾಜಿನ ಲೋಟವೇ ಇಲ್ಲ. ಒಂದೂ ಇಲ್ಲ. ಎಲ್ಲರಿಗೂ ಪೇಪರ್ ಕಪ್. ಡೇರಿ ಸೆಕ್ರೆಟರಿಗೂ.

ಟು ಲೆಟ್ · 12:18

ಅಯ್ಯೋ ದೇವರೇ.

ಮಂಡಕ್ಕಿ ಮಿರ್ಚಿ · 12:20

ಸಮಾನತೆ ಬಂತ್ರೀ!

ಕೆರೆಏರಿ · 12:26

ಊರಿನ ಹಿರಿಯರೆಲ್ಲ ಗೊಣಗುತ್ತಿದ್ದಾರಂತೆ, ಟೀಗೆ ರಟ್ಟಿನ ವಾಸನೆ ಅಂತ. ಅಕ್ಕನ ಮಗ ದಿನಾ ಹೋಗಿ ಎದುರಿಗೇ ಕೂತು ಕುಡಿದು ಬರುತ್ತಾನೆ.

ಕರಿಕೋಟು · 12:31

ಲೋಟ ಒಳಗೆ ಎತ್ತಿಟ್ಟಿದ್ದಾರೋ, ಮಾರಿಬಿಟ್ಟಿದ್ದಾರೋ? ಎತ್ತಿಟ್ಟಿದ್ದರೆ ಒಂದು ತಿಂಗಳು ಬಿಟ್ಟು ಮತ್ತೆ ನೋಡಲು ಹೇಳಿ.

ನಿವೃತ್ತ ಟೀಚರ್ · 12:40

ನಿಮ್ಮ ತಂದೆಯವರು ಏನಂದರು ಮಗು?

ಕೆರೆಏರಿ · 12:52

ಅಪ್ಪನಿಗೆ ಶುಗರ್ ಮೇಡಂ, ಟೀ ಬಿಟ್ಟು ಮೂರು ವರ್ಷ ಆಯ್ತು. ಫೋನಿನಲ್ಲಿ ಎಲ್ಲ ಕೇಳಿ ನಕ್ಕರು. ‘ಸೂರಿನ ಸಂದಿ ಇನ್ನೂ ಹಂಗೇ ಐತೇನೋ ನೋಡ್ಕೊಂಡು ಬಾ ಅನ್ನು ಅವನಿಗೆ’ ಅಂದರು.